‘ಹದ’ವನ್ನು ಪ್ರಶ್ನಾವಳಿಯಲ್ಲಿ ಹಿಡಿಯೋದು ಹೇಗೆ? ಫೌಂಡ್ರಿ ಮೋಲ್ಡರ್‌ಗಳ ಮೇಲೆ ಪಿಎಚ್‌ಡಿ, ಸಲಹೆ ಬೇಕು

ಮಚ್ಛೆ_ಬಸ್_ಸ್ಟಾಪ್
ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇದು ಮೂರನೇ ವರ್ಷ. ಇಲ್ಲಿನ ಉದ್ಯಮಬಾಗದ ಫೌಂಡ್ರಿಗಳಲ್ಲಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ಒಬ್ಬೊಬ್ಬ ಮೋಲ್ಡರ್‌ನನ್ನು (ಮರಳಿನಲ್ಲಿ ಅಚ್ಚು ಮಾಡುವವನು) ತೋರಿಸಿ ಎಲ್ಲರೂ ‘ಅಂವಾ ಪಕ್ಕಾ ಮನಷ್ಯಾ’ ಅನ್ನುತ್ತಾರಲ್ಲ, ಯಾಕೆ ಹಾಗನ್ನುತ್ತಾರೆ ಅನ್ನೋದೇ ನನ್ನ ವಿಷಯ.

ಮೊದಲು ಪ್ರಶ್ನಾವಳಿ ಮಾಡಿದೆ. 42 ಪ್ರಶ್ನೆ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ‘ನಾನು ಗುಣಮಟ್ಟಕ್ಕೆ ಒತ್ತು ಕೊಡುತ್ತೇನೆ’, ‘ಸಮಸ್ಯೆ ಬಂದರೆ ತಾಳ್ಮೆಯಿಂದ ಬಿಡಿಸುತ್ತೇನೆ’, ಇಂಥವು. 130 ಜನ ತುಂಬಿಕೊಟ್ಟರು. ಹೆಚ್ಚುಕಡಿಮೆ ಎಲ್ಲರೂ ಎಲ್ಲದಕ್ಕೂ 5. ಒಬ್ಬರು ಪೆನ್ನು ಹಿಡಿದು ಮೆಲ್ಲಗೆ ಕೇಳಿದರು: ‘ಬಾಯಾರ, 4 ಹಾಕಿದ್ರ ಮಾಲಕ್ರಿಗೆ ಹೇಳ್ತೀರೇನ್ರೀ?’

ಅದೇ ದಿನ ಇನ್ನೊಂದು ಸಂಗತಿ ನಡೆಯಿತು. ವಯಸ್ಸಾದ ಮೋಲ್ಡರ್ ಒಬ್ಬರು ಮಿಕ್ಸರ್‌ನಿಂದ ಬಂದ ಮರಳನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದರು. ಕೈ ಬಿಚ್ಚಿ ಬೆರಳಿನ ಗುರುತು ನೋಡಿದರು. ಉಂಡೆಯನ್ನು ಎರಡು ಭಾಗ ಮಾಡಿ ಮುರಿದ ಅಂಚು ನೋಡಿದರು. ‘ಇನ್ನ ಒಂದ್ ಮಗ್ ನೀರ ಹಾಕ್’ ಅಂದರು. ಇಪ್ಪತ್ತು ನಿಮಿಷ ಆದಮೇಲೆ ಲ್ಯಾಬ್ ಹುಡುಗ ಓಡಿಬಂದ. ತೇವ ಕಡಿಮೆ ಇದೆಯಂತೆ! ಹೇಗೆ ಗೊತ್ತಾಯಿತು ಕಾಕಾ ಅಂತ ಕೇಳಿದೆ. ‘ಹದ ಬರಬೇಕಲ್ಲವಾ ತಂಗಿ’ ಅಂದರು. ಹದ ಅಂದ್ರೆ? ‘ಹದ ಅಂದ್ರ ಹದ.’

ನನ್ನ 42 ಪ್ರಶ್ನೆಯಲ್ಲಿ ಹದ ಎಲ್ಲೂ ಇಲ್ಲ. ಈಗ 18 ಜನರ ಜೊತೆ ಕೂತು ಮಾತಾಡಿ, ಕೆಲಸ ನೋಡಿ ಬರೆಯೋಣ ಅಂತಿದ್ದೇನೆ. ನನ್ನ ಗೈಡ್ ‘18 ಜನರ ಹರಟೆ ಕೇಳಿದರೆ ಪಿಎಚ್‌ಡಿ ಆಗುತ್ತಾ?’ ಅನ್ನುತ್ತಾರೆ. ಏನು ಮಾಡಲಿ?

ಅಮೀನಗಡ_ಕರದಂಟು
130 ಜನ, 42 ಪ್ರಶ್ನೆ. ಪಾಪ, ಅವರ ಊಟದ ಹೊತ್ತು ಹೋಯಿತಲ್ಲ.

ಅಂಕಿಸಂಖ್ಯೆ_ಮೇಷ್ಟ್ರು
ನಿಮ್ಮ ಗೈಡ್ ಅರ್ಧ ಸರಿ. ತಪ್ಪು ಸರ್ವೆಯದಲ್ಲ, ನಿಮ್ಮ ಪ್ರಶ್ನೆಗಳದು. ‘ನೀವು ಒಳ್ಳೆಯವರಾ?’ ಅಂತ ಕೇಳಿದರೆ ಯಾರು ಇಲ್ಲ ಅಂತಾರೆ? ತಿರುವುಮುರುವು ಪ್ರಶ್ನೆ (ಅದೇ ಮಾತನ್ನು ಉಲ್ಟಾ ಮಾಡಿ ಕೇಳೋದು) ಹಾಕಿದ್ದೀರಾ? ಮೊದಲು ಹತ್ತು ಜನರ ಮೇಲೆ ಪರೀಕ್ಷೆ ಮಾಡಿ ನೋಡಿದ್ದೀರಾ? 18 ಜನರಿಂದ ‘ಎಷ್ಟು ಜನ ಹೀಗೆ’ ಅಂತ ಹೇಳಲು ಯಾವ ಕಾಲಕ್ಕೂ ಆಗಲ್ಲ. ಅದನ್ನು ಒಪ್ಪಿಕೊಂಡು ಮುಂದೆ ಹೋಗಿ.

ಮಚ್ಛೆ_ಬಸ್_ಸ್ಟಾಪ್
ಪರೀಕ್ಷೆ ಮಾಡಿದ್ದೆ ಸರ್, ಎಂಬಿಎ ಹುಡುಗರ ಮೇಲೆ.

ಅಂಕಿಸಂಖ್ಯೆ_ಮೇಷ್ಟ್ರು
ಅಯ್ಯೋ.

ನಿವೃತ್ತ_ಎಚ್‌ಆರ್
ತಂಗಿ, ನಾನು ಇಪ್ಪತ್ತೆರಡು ವರ್ಷ ಎಚ್‌ಆರ್‌ನಲ್ಲಿ ಇದ್ದವನು. ನಮ್ಮ ಕಂಪನಿಯಲ್ಲಿ ಪ್ರತಿ ಹುದ್ದೆಗೂ ಒಂದು ಪಟ್ಟಿ ಇತ್ತು. ಜ್ಞಾನ ಇಷ್ಟು, ಕೌಶಲ ಇಷ್ಟು, ಮನೋಭಾವ ಇಷ್ಟು. ಮೂರನ್ನೂ ಕೂಡಿಸಿದರೆ ಸಮರ್ಥ ನೌಕರ ತಯಾರು. ಪಟ್ಟಿಯಲ್ಲಿ ಪೂರಾ ಅಂಕ ತೆಗೆದವನು ಮಷಿನ್ ಮುಂದೆ ನಿಂತು ಬೆವರುವುದನ್ನು ಕಣ್ಣಾರೆ ನೋಡಿದ್ದೇನೆ.

ನಿನಗೆ ಬೇಕಾದ ದಾರಿ ಸ್ವೀಡನ್ನಿನಲ್ಲಿ ಸಿಗುತ್ತದೆ. ಯೋರ್ಗೆನ್ ಸ್ಯಾಂಡ್‌ಬರ್ಗ್ ಅಂತ ಒಬ್ಬ ಸಂಶೋಧಕರು ವೋಲ್ವೋ ಕಾರ್ ಕಂಪನಿಯಲ್ಲಿ ಎಂಜಿನ್ ಹದಗೊಳಿಸುವ (ನೋಡು, ಇಲ್ಲೂ ಹದ ಬಂತು!) ಎಂಜಿನಿಯರುಗಳ ಕೆಲಸ ನೋಡಿದರು. ಬರೀ 20 ಜನರ ಸಂದರ್ಶನ. 2000ನೇ ಇಸವಿಯಲ್ಲಿ ಪ್ರಕಟವಾಯಿತು, ಈಗಲೂ ಎಲ್ಲರೂ ಅದನ್ನು ಎತ್ತಿ ಹೇಳುತ್ತಾರೆ. ‘ನಿಮ್ಮಲ್ಲಿ ಯಾವ ಗುಣ ಇದೆ’ ಅಂತ ಅವರು ಕೇಳಲಿಲ್ಲ. ಒಳ್ಳೆ ಕೆಲಸಗಾರ ಅಂದರೆ ಯಾರು, ಈ ಕೆಲಸ ಅಂದರೆ ನಿಮ್ಮ ಪ್ರಕಾರ ಏನು ಅಂತ ಕೇಳಿ, ಉತ್ತರವನ್ನು ಬಿಡದೆ ಬೆನ್ನು ಹತ್ತಿದರು.

ಮೂರು ಬಗೆಯ ತಿಳಿವಳಿಕೆ ಸಿಕ್ಕಿತು. ಕೆಲವರಿಗೆ ಈ ಕೆಲಸ ಅಂದರೆ ಎಂಜಿನ್ನಿನ ಒಂದೊಂದು ಗುಣವನ್ನೂ ಬಿಡಿಬಿಡಿಯಾಗಿ ಸರಿ ಮಾಡುವುದು. ಇದು ಮುಗಿಯಿತು, ಮುಂದಿನದು. ಇನ್ನು ಕೆಲವರು ಇದನ್ನು ಮುಟ್ಟಿದರೆ ಅದು ಕದಲುತ್ತದೆ ಅಂತ ಎಲ್ಲವನ್ನೂ ಒಟ್ಟಿಗೆ ಹಿಡಿಯುವವರು. ಮೂರನೆಯವರು ಗಾಡಿ ಓಡಿಸುವ ಗಿರಾಕಿಗೆ ಅದು ಹೇಗೆ ಅನಿಸುತ್ತದೆ ಅನ್ನುವುದರಿಂದಲೇ ಕೆಲಸ ಶುರು ಮಾಡುವವರು. ಮೂರನೆಯವರಿಗೆ ಮೊದಲ ಎರಡೂ ಬರುತ್ತವೆ. ಮೊದಲನೆಯವರಿಗೆ ಮೂರನೆಯದು ಬರುವುದಿಲ್ಲ.

ಜ್ಞಾನ, ಕೌಶಲ ಅನ್ನೋವು ಕೆಲಸದಿಂದ ಬೇರೆಯಾಗಿ ಚೀಲದಲ್ಲಿ ಇರುವುದಿಲ್ಲ. ಕೆಲಸವನ್ನು ನೀನು ಏನು ಅಂತ ತಿಳಿದಿದ್ದೀಯೋ ಅದರ ಮೇಲೆ ಅವುಗಳ ಅರ್ಥವೇ ಬದಲಾಗುತ್ತದೆ. ಇಷ್ಟು ಗೊತ್ತಾಗಿದ್ದರೆ ನಾನು ಅರ್ಧದಷ್ಟು ಟ್ರೇನಿಂಗ್ ಕ್ಲಾಸುಗಳನ್ನು ನಿಲ್ಲಿಸುತ್ತಿದ್ದೆ.

ಅಂಕಿಸಂಖ್ಯೆ_ಮೇಷ್ಟ್ರು
ಮೂರನೆಯವರೇ ಮೇಲು ಅಂತ ತೀರ್ಮಾನ ಮಾಡಿದವರು ಯಾರು? ಸಂದರ್ಶನ ಮಾಡಿದವರೇ ಅಲ್ವಾ?

ನಿವೃತ್ತ_ಎಚ್‌ಆರ್
ಒಳ್ಳೆ ಪ್ರಶ್ನೆ ಮೇಷ್ಟ್ರೇ. ಆದರೆ ಅಲ್ಲಿನ ಕೆಲಸಗಾರರೇ ಯಾರನ್ನು ಹೆಚ್ಚು ಸಮರ್ಥರು ಅನ್ನುತ್ತಾರೆ ಅನ್ನುವುದನ್ನೂ ಅವರು ನೋಡಿದ್ದಾರೆ. ಪೂರ್ತಿ ಕಣ್ಣು ಮುಚ್ಚಿ ಹೇಳಿದ ಮಾತಲ್ಲ.

ಪ್ಯಾನ್‌ಹೌಸ್_ಮುಧೋಳ
ಸಕ್ಕರೆ ಕಾರ್ಖಾನೆಯ ಕೆಮಿಸ್ಟ್ ನಾನು. ಮೇಲಿನದನ್ನು ಓದಿ ನಮ್ಮ ಇಬ್ಬರು ಪ್ಯಾನ್‌ಮ್ಯಾನ್ ನೆನಪಾದರು.

ಗೊತ್ತಿಲ್ಲದವರಿಗೆ: ಕಬ್ಬಿನ ರಸ ಗಟ್ಟಿಯಾಗಿ ಸಿರಪ್ ಆದಮೇಲೆ ಪ್ಯಾನಿನಲ್ಲಿ ನಿರ್ವಾತದಲ್ಲಿ ಕುದಿಸಿ ಹರಳು ಬೆಳೆಸುತ್ತಾರೆ. ಪ್ಯಾನ್‌ಮ್ಯಾನ್ ಆಗಾಗ ಒಂದು ಸಲಾಕೆ ಹಾಕಿ ಸ್ವಲ್ಪ ಮಾಲು ತೆಗೆದು, ಗಾಜಿನ ಪಟ್ಟಿಯ ಮೇಲೆ ಸವರಿ, ಬೆಳಕಿಗೆ ಹಿಡಿದು ಹರಳು ನೋಡುತ್ತಾನೆ. ಬೆರಳಲ್ಲಿ ಎಳೆದು ಅಂಟು ನೋಡುತ್ತಾನೆ. ಬಿಸಿ, ನಿರ್ವಾತ ಎಲ್ಲದಕ್ಕೂ ಮೀಟರ್ ಇದೆ. ಆದರೂ ಗಾಜು ಬಿಡುವುದಿಲ್ಲ.

ಒಬ್ಬನಿಗೆ ಅವನ ಕೆಲಸ ಅಂದರೆ ತನ್ನ ಪ್ಯಾನ್ ಹೊತ್ತಿಗೆ ಸರಿಯಾಗಿ ಇಳಿಸುವುದು. ಇನ್ನೊಬ್ಬ ಪ್ಯಾನ್ ಇಳಿಸುವ ಮೊದಲು ಕೆಳಗೆ ಸೆಂಟ್ರಿಫ್ಯೂಗಲ್ (ಗಿರಗಿರ ತಿರುಗಿಸಿ ಹರಳಿನಿಂದ ಕಾಕಂಬಿ ಬೇರೆ ಮಾಡುವ ಮಷಿನ್) ಹುಡುಗನನ್ನು ಕೂಗಿ ‘ಹಿಂದಿಂದು ಹೆಂಗ ಬಿಟ್ತಪಾ?’ ಅಂತ ಕೇಳುತ್ತಾನೆ. ಬೇಡದೆ ಹುಟ್ಟಿದ ಸಣ್ಣ ‘ಸುಳ್ಳು ಹರಳು’ ಸೇರಿಕೊಂಡರೆ ಅಲ್ಲಿ ಕಾಕಂಬಿ ಸರಿಯಾಗಿ ಬೇರೆಯಾಗುವುದಿಲ್ಲ ಅಂತ ಅವನಿಗೆ ಗೊತ್ತು. ಇಬ್ಬರ ಅನುಭವವೂ ಹದಿನೈದು ವರ್ಷದ ಮೇಲೆ. ರೆಕಾರ್ಡಿನಲ್ಲಿ ಇಬ್ಬರದೂ ಒಂದೇ ಗ್ರೇಡ್.

ರೊಟ್ಟಿ_ಬುತ್ತಿ
ಹದ ಅಂದ್ರೆ ನಮ್ಮತ್ತೆ. ಜೋಳದ ಹಿಟ್ಟಿಗೆ ಎಸರು ಎಷ್ಟು ಹಾಕಬೇಕು ಅತ್ತೇ ಅಂತ ಕೇಳಿದರೆ ‘ಹಿಟ್ಟು ಎಷ್ಟ್ ಕುಡೀತದ ಅಷ್ಟ’. ಮದುವೆಯಾಗಿ ಆರು ತಿಂಗಳು ನನ್ನ ರೊಟ್ಟಿ ಭಾರತದ ನಕ್ಷೆ. ಕಾಶ್ಮೀರ ಯಾವಾಗಲೂ ಹರಿದುಹೋಗುತ್ತಿತ್ತು.

ಎರೆಹೊಲ_ಇಂಡಿ
ಅಕ್ಕಾ 😂 ಎರೆ ಭೂಮಿಯೂ ಹಾಗೇ. ಹದ ಮೀರಿ ಕುಂಟೆ ಹೊಡೆದರೆ ಹೆಂಟೆ ಏಳುತ್ತದೆ, ಹದಕ್ಕೆ ಮುಂಚೆ ಹೋದರೆ ಎತ್ತಿನ ಕಾಲಿಗೆ ರಾಡಿ. ನಮ್ಮಪ್ಪ ಬರಿಗಾಲಲ್ಲಿ ಹೊಲ ದಾಟಿಬಂದು ಹೇಳುತ್ತಿದ್ದ. ನಾನು ಕೃಷಿ ಡಿಪ್ಲೊಮಾ ಮಾಡಿದವನು, ಈಗಲೂ ಪಕ್ಕದ ಹೊಲದವರು ಶುರು ಮಾಡಿದರಾ ಅಂತ ನೋಡುತ್ತೇನೆ.

ರಾತ್ರಿಪಾಳಿ_ಸಿಸ್ಟರ್
ವಿಜಯಪುರದಿಂದ. ನಾನು ಮಕ್ಕಳ ವಾರ್ಡಿನ ನರ್ಸ್. ಇದು ಫೌಂಡ್ರಿಗೆ ಮಾತ್ರ ಸೇರಿದ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೊಸಬಳಿದ್ದಾಗ, ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿ, ರಾತ್ರಿ ಎರಡು ಗಂಟೆಗೆ ಒಂದು ಕೂಸು. ಜ್ವರ ಇಲ್ಲ, ನಾಡಿ ಸರಿ, ಚಾರ್ಟಿನಲ್ಲಿ ಎಲ್ಲ ಸರಿ. ಹಿರಿಯ ಸಿಸ್ಟರ್ ಬಂದು ಕೂಸನ್ನು ಎತ್ತಿಕೊಂಡರು. ‘ಇದು ಭಾರ ಬಿಟ್ಟದ’ ಅಂದರು, ಡಾಕ್ಟರಿಗೆ ಫೋನ್ ಮಾಡಿದರು. ಭಾರ ಬಿಟ್ಟದ ಅಂದರೆ ಕೂಸು ತನ್ನ ಮೈಯನ್ನು ತಾನು ಹಿಡಿದುಕೊಳ್ಳುತ್ತಿಲ್ಲ, ಜೋತುಬಿದ್ದಿದೆ ಅಂತ. ಫೋನಿನಲ್ಲಿ ಬೈಸಿಕೊಂಡರು. ‘ನಂಬರ್ ಹೇಳಿ, ಕಥೆ ಬೇಡ’ ಅಂತ. ಒಂದು ಗಂಟೆಯಲ್ಲಿ ನಂಬರೂ ಕೆಟ್ಟಿತು. ಕೂಸು ಉಳಿಯಿತು. ಮರುದಿನ ಫೈಲಿನಲ್ಲಿ ಬರೆದದ್ದು ನಂಬರ್ ಕೆಟ್ಟ ಸಮಯ ಮಾತ್ರ. ಆ ಒಂದು ಗಂಟೆ ಎಲ್ಲೂ ಇಲ್ಲ.

ಇದರ ಮೇಲೆ ಕೆಲಸ ಮಾಡಿದವರು ಅಮೆರಿಕದ ನರ್ಸಿಂಗ್ ಸಂಶೋಧಕಿ ಪೆಟ್ರಿಷಿಯಾ ಬೆನ್ನರ್, ಪುಸ್ತಕ ಬಂದದ್ದು 1984ರಲ್ಲಿ. ಡ್ರೈಫಸ್ ಸಹೋದರರು ಪೈಲಟ್, ಚದುರಂಗ ಆಟಗಾರರನ್ನು ನೋಡಿ ಹೇಳಿದ್ದ, ಹೊಸಬ ಪಳಗುವ ಐದು ಹಂತಗಳನ್ನು ನರ್ಸುಗಳಿಗೆ ಹಚ್ಚಿ ನೋಡಿದರು. ಹೊಸಬರು ನಿಯಮ ಹಿಡಿದು ನಡೆಯುತ್ತಾರೆ. ಪಳಗಿದವರಿಗೆ ಇಡೀ ಸನ್ನಿವೇಶ ಒಂದೇ ಸಲ ಕಾಣುತ್ತದೆ. ಹೇಗೆ ಗೊತ್ತಾಯಿತು ಅಂತ ಕೇಳಿದರೆ ಅವರಿಗೆ ಹೇಳಲು ಬರುವುದಿಲ್ಲ. ಆದರೆ ಒಂದು ರಾತ್ರಿಯ ಕಥೆ ಹೇಳಿ ಅಂದರೆ ಎಲ್ಲ ಹೊರಗೆ ಬರುತ್ತದೆ. ಆದ್ದರಿಂದ ತಂಗಿ, ‘ಹದ ಅಂದರೇನು’ ಅಂತ ಕೇಳಬೇಡ. ‘ಹದ ತಪ್ಪಿದ ಒಂದು ದಿನ ಹೇಳಿ ಕಾಕಾ’ ಅನ್ನು.

ನಿವೃತ್ತ_ಎಚ್‌ಆರ್
ಸಿಸ್ಟರ್ ಹೇಳಿದ್ದಕ್ಕೆ ಹಳೆಯ ಬೇರಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಗೆ ಪೈಲಟ್‌ಗಳನ್ನು ಆರಿಸುವ ಕೆಲಸದಲ್ಲಿ ಜಾನ್ ಫ್ಲಾನಗನ್ ಅನ್ನುವ ಮನೋವಿಜ್ಞಾನಿ ಇದ್ದರು. ‘ಒಳ್ಳೆ ಪೈಲಟ್ ಹೇಗಿರಬೇಕು’ ಅಂತ ಕೇಳಿದರೆ ಧೈರ್ಯ, ಜಾಣತನ ಅಂತ ಪೊಳ್ಳು ಉತ್ತರ. ನಿಜವಾಗಿ ನಡೆದ ಒಂದೊಂದು ಘಟನೆ ಹಿಡಿದು ಕೇಳಿದಾಗ ಕೆಲಸಕ್ಕೆ ಬರುವ ಮಾತು ಸಿಕ್ಕಿತು. 1954ರಲ್ಲಿ ಆ ವಿಧಾನವನ್ನು ಬರೆದಿಟ್ಟರು. ಕ್ರಿಟಿಕಲ್ ಇನ್ಸಿಡೆಂಟ್ ಅಂತ ಹುಡುಕು. ಗೈಡ್‌ಗೆ ಹೆಸರು ಬೇಕಲ್ಲ, ಇದನ್ನು ಕೊಡು.

ಕುಣಿಮಗ್ಗ_ಗುಳೇದಗುಡ್ಡ
ನನ್ನದೊಂದು ತಕರಾರು. ಎಲ್ಲರೂ ಕೇಳೋದು, ಕೇಳೋದು ಅಂತಿದ್ದೀರಿ. ನನ್ನನ್ನು ಚಹಾದಂಗಡಿಯಲ್ಲಿ ಕೂರಿಸಿ ಕೇಳಿದರೆ ನಾನೂ ಭಾಷಣ ಮಾಡುತ್ತೇನೆ. ಮಗ್ಗದ ಮೇಲೆ ಬಂದು ಕೂತು ನೋಡಿ. ಎಳೆ ಹರಿಯುವ ಮೊದಲೇ ನನ್ನ ಕಾಲು ನಿಂತಿರುತ್ತದೆ. ಲಾಳಿಯ ಸಪ್ಪಳ ಬದಲಾಗಿರುತ್ತದೆ. ಅದನ್ನು ನಾನು ಯಾವ ಸಂದರ್ಶನದಲ್ಲೂ ಹೇಳಿಲ್ಲ, ಯಾಕೆಂದರೆ ನಾನು ಹಾಗೆ ಮಾಡುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ಮಗಳು ವಿಡಿಯೊ ಮಾಡಿ ತೋರಿಸಿದಳು.

ಇಳಕಲ್‌ನಲ್ಲಿ ನಮ್ಮ ಬೀಗರು ಸೀರೆ ನೇಯುತ್ತಾರೆ. ಸೀರೆಯ ಮೈಯ ಹಾಸು (ಉದ್ದುದ್ದ ಎಳೆಗಳು) ಮತ್ತು ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಒಂದೊಂದು ಎಳೆಗೂ ಕೊಂಡಿ, ಆ ಕೆಲಸ ಮಾಡುವವರನ್ನು ಯಾವ ಅಧಿಕಾರಿಯೂ ಕೇಳಲು ಬಂದಿಲ್ಲ. ಎಲ್ಲರೂ ನೇಯುವವನ ಫೋಟೊ ತೆಗೆಯುತ್ತಾರೆ. ಲಾಳಿಯ ಕಂಡಿಕೆಗೆ ನೂಲು ಸುತ್ತುವ ಹೆಂಗಸರಂತೂ ಲೆಕ್ಕಕ್ಕೇ ಇಲ್ಲ. ನಿಮ್ಮ ಫೌಂಡ್ರಿಯಲ್ಲೂ ಬರೀ ಮೋಲ್ಡರ್‌ನನ್ನು ಕೇಳಬೇಡಿ. ಕೋರ್ (ಎರಕದ ಒಳಟೊಳ್ಳಿಗೆ ಇಡುವ ಮರಳಿನ ಅಚ್ಚು) ಮಾಡುವವರು, ಫೆಟ್ಲಿಂಗ್‌ನವರು (ಎರಕವನ್ನು ಉಜ್ಜಿ ಸ್ವಚ್ಛ ಮಾಡುವವರು), ಅವರಿಗೆ ಗೊತ್ತಿರುತ್ತದೆ ಯಾರು ಪಕ್ಕಾ ಅಂತ.

ಟೇಲರ್_ಮಗ
ಮಗ್ಗದಣ್ಣಾ, ಹೌದು. ಜೀನ್ ಲೇವ್ ಅನ್ನುವ ಮಾನವಶಾಸ್ತ್ರಜ್ಞೆ ಆಫ್ರಿಕಾದ ಲೈಬೀರಿಯಾದಲ್ಲಿ ದರ್ಜಿಗಳ ಅಂಗಡಿಯಲ್ಲಿ ಕೂತು ನೋಡಿದರು. ಅಲ್ಲಿ ಕಲಿಯುವ ಹುಡುಗರಿಗೆ ಮೊದಲು ಗುಂಡಿ, ಅಂಚು, ಆಮೇಲೆ ಹೊಲಿಗೆ, ಕತ್ತರಿ ಕೊನೆಗೆ. ಬಟ್ಟೆ ಹುಟ್ಟುವ ಕ್ರಮಕ್ಕೆ ಪೂರ್ತಿ ಉಲ್ಟಾ. ನಮ್ಮಪ್ಪನ ಅಂಗಡಿಯಲ್ಲೂ ಹಾಗೇ ಇತ್ತು. ಗುಂಡಿ ಹಚ್ಚಿ ಹಚ್ಚಿ ನಾನು ‘ಇವರು ನನಗೆ ಕತ್ತರಿ ಕೊಡಲ್ಲ’ ಅಂತ ಅಳುತ್ತಿದ್ದೆ. ಅಷ್ಟರಲ್ಲಿ ಪೂರ್ತಿ ಅಂಗಿ ಹೇಗಿರಬೇಕು ಅಂತ ಕೈಗೆ ಗೊತ್ತಾಗಿಹೋಗಿತ್ತು. ಹುಡುಗ ಗುಂಡಿ ಕೆಡಿಸಿದರೆ ಬಿಚ್ಚಬಹುದು, ಬಟ್ಟೆ ಕತ್ತರಿಸಿದರೆ ಗಿರಾಕಿಗೆ ಯಾರು ಕೊಡಬೇಕು!

ಕುಂದಾ_ಪ್ರೇಮಿ
ಅಂದಹಾಗೆ ಕುಂದಾ ಹದ ಹಿಡಿಯೋದಕ್ಕಿಂತ ಕಷ್ಟದ ಕೆಲಸ ಯಾವುದೂ ಇಲ್ಲ. ಹಾಲು ಯಾವಾಗ ಬಣ್ಣ ತಿರುಗುತ್ತದೆ ಅಂತ…

ಅಮೀನಗಡ_ಕರದಂಟು
ಶುರುವಾಯಿತು ನೋಡು. ಕರದಂಟಿನ ಪಾಕ ನೋಡಿ ಆಮೇಲೆ ಮಾತಾಡಿ.

ಕೆಂಪುಬಾವುಟ_ಕಾಕಾ
ಸಿಹಿ ತಿಂದು ಮುಗಿದಿದ್ದರೆ ಒಂದು ಖಾರದ ಮಾತು. ಈ ಕಾಕಾನ ಮುಷ್ಟಿಯಲ್ಲಿರುವುದನ್ನು ತೆಗೆದು ಕಾಗದದ ಮೇಲೆ ಹಾಕಿದರೆ ಲಾಭ ಯಾರಿಗೆ?

1911ರಲ್ಲಿ ಅಮೆರಿಕದ ವಾಟರ್‌ಟೌನ್ ಸರ್ಕಾರಿ ಶಸ್ತ್ರಾಗಾರದಲ್ಲಿ ಫ್ರೆಡರಿಕ್ ಟೇಲರ್ ಅನ್ನುವ ಎಂಜಿನಿಯರರ ಪದ್ಧತಿ ತಂದರು. ಸ್ಟಾಪ್‌ವಾಚ್ ಹಿಡಿದು ಕೆಲಸಗಾರನ ಹಿಂದೆ ನಿಂತು ಒಂದೊಂದು ಚಲನೆಗೂ ಲೆಕ್ಕ. ಆಗಸ್ಟ್‌ನಲ್ಲಿ ಕೆಲಸ ಬಿಟ್ಟು ಹೊರಗೆ ನಡೆದವರು ಯಾರು ಗೊತ್ತಾ? ಫೌಂಡ್ರಿಯ ಮೋಲ್ಡರ್‌ಗಳು! ನಿನ್ನ ಹುಡುಗರ ಬಂಧುಗಳೇ. ಅದು ಅಮೆರಿಕದ ಸಂಸತ್ತಿನವರೆಗೂ ಹೋಯಿತು, ಟೇಲರ್ ಸಾಹೇಬರೇ ಬಂದು ಉತ್ತರ ಹೇಳಬೇಕಾಯಿತು. 1915ರಲ್ಲಿ ಸೈನ್ಯದ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚ್ ಬಳಕೆಗೆ ದುಡ್ಡು ಕೊಡಬಾರದು ಅಂತ ಕಾನೂನೂ ಬಂತು.

ಈಗ ಸ್ಟಾಪ್‌ವಾಚ್ ಇಲ್ಲ, ರೆಕಾರ್ಡರ್ ಇದೆ. ‘ಕಾಕಾ, ನಿಮ್ಮ ಕಥೆ ಹೇಳಿ’ ಅಂತ ಪ್ರೀತಿಯಿಂದ ಕೇಳಿ ಬರೆದುಕೊಂಡು, ನಾಳೆ ಅದೇ ಕಥೆ ಗುತ್ತಿಗೆ ಹುಡುಗನ ಟ್ರೇನಿಂಗ್ ವಿಡಿಯೊ ಆದರೆ? ತಂಗಿ, ನಿನ್ನ ಮೇಲೆ ಸಂಶಯ ಇಲ್ಲ. ಆದರೆ ಫೈಲ್ ಯಾರ ಹತ್ತಿರ ಇರುತ್ತದೆ?

ಮಚ್ಛೆ_ಬಸ್_ಸ್ಟಾಪ್
ಕಾಕಾ, ಎದೆಗೆ ಹೊಡೆದ ಹಾಗೆ ಕೇಳಿದಿರಿ. ನಿಜ ಹೇಳುತ್ತೇನೆ. ಒಂದು ಕಡೆ ‘ರೆಕಾರ್ಡಿಂಗ್ ನಮಗೂ ಒಂದು ಕಾಪಿ ಕೊಡಿ’ ಅಂತ ಕೇಳಿದ್ದಾರೆ. ಒಳಗೆ ಬಿಡುವುದೇ ಅವರಾದ್ದರಿಂದ ಸುಮ್ನೆ ತಲೆ ಅಲ್ಲಾಡಿಸಿ ಬಂದೆ.

ಕೆಂಪುಬಾವುಟ_ಕಾಕಾ
ತಲೆ ಅಲ್ಲಾಡಿಸಿದ್ದನ್ನು ವಾಪಸ್ ತಗೋ. ಇವತ್ತೇ.

ಸಣ್ಣ_ಮಾಲಕ
ನಾನೂ ಒಂದು ಸಣ್ಣ ಫೌಂಡ್ರಿ ನಡೆಸುತ್ತೇನೆ. ಎಲ್ಲ ಮಾಲಕರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ ಕಾಕಾ. ನನ್ನ ಹತ್ತಿರ ಮರಳು ಗೊತ್ತಿರುವವರು ಮೂವರು. ಮೂವರೂ ಅರವತ್ತರ ಹತ್ತಿರ. ಈಗ ಬರುವ ಹುಡುಗರು ಬೇರೆ ರಾಜ್ಯದವರು, ಎರಡು ವರ್ಷ ಇದ್ದು ಹೋಗುತ್ತಾರೆ. ಇವರಿಗೆ ಕನ್ನಡ, ಮರಾಠಿ ಬರುತ್ತದೆ, ಅವರಿಗೆ ಬರಲ್ಲ. ಹದ ಅನ್ನೋ ಶಬ್ದವೇ ದಾಟಲ್ಲ. ಇವರು ಹೋದಮೇಲೆ ನಾನು ಏನು ಮಾಡಲಿ? ರಿಜೆಕ್ಷನ್ ಬಂದರೆ ಕೆಲಸ ಹೋಗೋದು ಎಲ್ಲರದೂ.

ಕೆಂಪುಬಾವುಟ_ಕಾಕಾ
ಸರಿ. ಹಾಗಾದರೆ ಆ ಮೂವರನ್ನು ಕಲಿಸುವ ಮೇಷ್ಟ್ರು ಅಂತ ನೇಮಿಸಿ, ಮೇಷ್ಟ್ರ ಪಗಾರ ಕೊಡಿ. ವಿಡಿಯೊ ಯಾಕೆ?

ಸಣ್ಣ_ಮಾಲಕ
…ಅದನ್ನು ಯೋಚಿಸಿರಲಿಲ್ಲ.

ಅಂಕಿಸಂಖ್ಯೆ_ಮೇಷ್ಟ್ರು
18ರ ವಿಷಯಕ್ಕೆ ವಾಪಸ್ ಬರೋಣ. ನ್ಯಾಯವಾಗಿ ಹೇಳಬೇಕಲ್ಲ, ನಿಮ್ಮ ಕಡೆಗೂ ಒಂದು ಅಂಕಿ ಇದೆ. 2006ರಲ್ಲಿ ಗೆಸ್ಟ್, ಬನ್ಸ್, ಜಾನ್ಸನ್ ಅನ್ನುವವರು ಪಶ್ಚಿಮ ಆಫ್ರಿಕಾದ 2 ದೇಶಗಳಲ್ಲಿ ಮಾಡಿದ 60 ಸಂದರ್ಶನಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಹೊಸ ವಿಷಯಗಳು ಹೆಚ್ಚುಕಡಿಮೆ ಮೊದಲ 12ರಲ್ಲೇ ಮುಗಿದಿದ್ದವು. ಗೈಡ್‌ಗೆ ಇದನ್ನು ತೋರಿಸಿ. ಆದರೆ ಅಲ್ಲಿ ಕೇಳಿದ್ದು ಒಂದೇ ಥರದ ಜನರನ್ನು, ಒಂದೇ ಥರದ ಪ್ರಶ್ನೆ. ನೀವು ಮೋಲ್ಡರ್, ಕೋರ್, ಫೆಟ್ಲಿಂಗ್ ಎಲ್ಲ ಸೇರಿಸಿದರೆ 18 ಸಾಲದು. ಇಷ್ಟು ಜನ ಅಂತ ಮೊದಲೇ ಬರೆದುಕೊಡಬೇಡಿ, ಹೊಸದು ಬರೋದು ನಿಂತಾಗ ನಿಲ್ಲಿಸುತ್ತೇನೆ ಅಂತ ಬರೆಯಿರಿ.

ರೊಟ್ಟಿ_ಬುತ್ತಿ
ಮೇಷ್ಟ್ರು ಕರಗಿದರು! 👏

ಅಂಕಿಸಂಖ್ಯೆ_ಮೇಷ್ಟ್ರು
ಕರಗಿಲ್ಲ. ಷರತ್ತು ಹಾಕಿದ್ದೇನೆ.

ಅನುವಾದ_ಅಕ್ಕ
ಒಂದು ಮುಖ್ಯವಾದದ್ದನ್ನು ಯಾರೂ ಹೇಳಿಲ್ಲ. ಥೀಸಿಸ್ ಇಂಗ್ಲಿಷಿನಲ್ಲಿ ತಾನೇ? ಹದಕ್ಕೆ ಏನು ಬರೆಯುತ್ತೀ? ತೇವಾಂಶ ಅಂತ ಬರೆದರೆ ಲ್ಯಾಬ್ ಹುಡುಗನದೇ ಗೆದ್ದಿತು. ಕೌಶಲ ಅಂತ ಬರೆದರೆ ಅದು ಮರಳಿನಲ್ಲಿ ಇಲ್ಲ, ಕಾಕಾನಲ್ಲಿ ಮಾತ್ರ ಇದೆ ಅಂತಾಗುತ್ತದೆ. ಹದ ಎರಡೂ ಕಡೆ ಇದೆ, ಮರಳಲ್ಲೂ ಕೈಯಲ್ಲೂ. ಹೊತ್ತೂ ಅದರಲ್ಲೇ ಇದೆ. ಹದ ಬರುತ್ತದೆ, ಹೋಗುತ್ತದೆ. ಆ ಶಬ್ದವನ್ನು ಹಾಗೇ ಇಡು. ಸಂದರ್ಶನ ಬರೆದಿಳಿಸುವಾಗ ಕನ್ನಡದಲ್ಲೇ ಬರೆ, ವಿಂಗಡಣೆಯನ್ನೂ ಕನ್ನಡದಲ್ಲೇ ಮಾಡು. ಕೊನೆಗೆ ಬೇಕಾದ ಸಾಲುಗಳನ್ನಷ್ಟೇ ಇಂಗ್ಲಿಷಿಗೆ ತಾ. ಮೊದಲೇ ಅನುವಾದ ಮಾಡಿ ಆಮೇಲೆ ಕೂತರೆ ನಿನ್ನ ಕೈಯಲ್ಲಿ ಇರೋದು ಸಿಪ್ಪೆ.

ನಿವೃತ್ತ_ಎಚ್‌ಆರ್
ಅಕ್ಕಾ, ನೂರಕ್ಕೆ ನೂರು.

ಮಚ್ಛೆ_ಬಸ್_ಸ್ಟಾಪ್
ಒಂಬತ್ತು ದಿನ ಆದಮೇಲೆ ಬರೆಯುತ್ತಿದ್ದೇನೆ. ಮೊದಲನೆಯದು, ಕಾಪಿ ಕೊಡಲ್ಲ ಅಂತ ಹೇಳಿಬಂದೆ. ಮುಖ ಗಂಟು ಹಾಕಿದರು, ಆದರೆ ಗೇಟ್ ಮುಚ್ಚಿಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿ, ಮರಾಠಿಯಲ್ಲಿ ಮಾಡಿಸಿದೆ. ರೆಕಾರ್ಡಿಂಗ್ ಅಳಿಸು ಅಂದರೆ ಅಳಿಸುತ್ತೇನೆ ಅಂತ ಬರೆದಿದ್ದೇನೆ.

ಸಿಸ್ಟರ್ ಹೇಳಿದ ಹಾಗೆ ಆ ಮೋಲ್ಡರ್ ಕಾಕಾನನ್ನು ‘ಹದ ತಪ್ಪಿದ ದಿನ’ ಕೇಳಿದೆ. ನಲವತ್ತು ನಿಮಿಷ ಮಾತಾಡಿದರು! ಹೈಡ್ರಾಲಿಕ್ ವಾಲ್ವಿನ ಒಂದು ಬಾಡಿ. ಎರಡನೇ ಪಾಳಿಯಲ್ಲಿ ಮಾಡಿದ್ದು ಮಾತ್ರ ಎರಕದಲ್ಲಿ ಮರಳು ಸೇರಿ ಕೆಡುತ್ತಿತ್ತು. ಎಲ್ಲರೂ ಹುಡುಗರನ್ನು ಬೈದರು. ಲ್ಯಾಬ್ ರಿಪೋರ್ಟ್ ಸರಿ ಇತ್ತು. ಕಾಕಾ ಮುಷ್ಟಿ ಹಿಡಿದು ನೋಡಿದರು, ಮುಷ್ಟಿಯೂ ಸರಿ ಅಂದಿತು. ‘ನನ್ನ ಕೈನೂ ಸುಳ್ಳ ಹೇಳ್ತು ನೋಡ್’ ಅಂದರು. ಮೂರು ರಾತ್ರಿ ಸುಮ್ಮನೆ ನಿಂತು ನೋಡಿದರಂತೆ. ಡಬ್ಬಿ (ಅಚ್ಚಿನ ಮರಳು ತುಂಬುವ ಚೌಕಟ್ಟು) ಒಡೆದ ಮರಳು ತಣ್ಣಗಾಗುವುದಕ್ಕೆ ಬಿಡದೆ ಬಿಸಿಬಿಸಿಯಾಗಿಯೇ ಮಿಕ್ಸರಿಗೆ ವಾಪಸ್ ಬರುತ್ತಿತ್ತು. ಮಿಕ್ಸರ್‌ನಿಂದ ಬಂದಾಗ ಹದ ಇರುತ್ತದೆ, ಡಬ್ಬಿ ಮುಚ್ಚಿ ಲೋಹ ಸುರಿಯುವಷ್ಟರಲ್ಲಿ ಮೇಲ್ಮೈ ಒಣಗಿ ಅಂಚು ಉದುರುತ್ತದೆ.

ಆಮೇಲೆ, ಎರಕವನ್ನು ಕೊರೆದು ನಯ ಮಾಡುವ ಮಷಿನ್ ಶಾಪ್ ಬಗ್ಗೆ ಒಂದು ಮಾತು ಹೇಳಿದರು, ಬರೆದುಕೊಂಡೆ: ‘ಹದ ಮುಷ್ಟ್ಯಾಗ ನೋಡೂದಲ್ಲ ತಂಗಿ. ಮಷಿನ್ ಶಾಪ್ನ್ಯಾಂವಂದು ಟೂಲ್ ಮುರದ್ರ ನಂದ ಹದ ತಪ್ಪೇದ ಅಂತ ತಿಳಕೋಬೇಕು.’ ಅದೇ ಸಾಲಿನಲ್ಲಿ ಕೆಲಸ ಮಾಡುವ ಇನ್ನೊಬ್ಬರನ್ನು ಅದೇ ಪ್ರಶ್ನೆ ಕೇಳಿದೆ. ಅವರು ಒಂದು ಪಾಳಿಗೆ ಎಷ್ಟು ಡಬ್ಬಿ ಅಂತ ಲೆಕ್ಕ ಹೇಳಿದರು. ಇಬ್ಬರೂ ನನ್ನ ಪ್ರಶ್ನಾವಳಿಯಲ್ಲಿ 42ಕ್ಕೆ 42 ಐದು ಹಾಕಿದವರು.

ಪ್ಯಾನ್‌ಹೌಸ್_ಮುಧೋಳ
‘ನನ್ನ ಕೈನೂ ಸುಳ್ಳ ಹೇಳ್ತು’. ಇದನ್ನು ಪ್ರಿಂಟ್ ತೆಗೆದು ಪ್ಯಾನ್‌ಹೌಸ್ ಗೋಡೆಗೆ ಅಂಟಿಸುತ್ತೇನೆ.

ಅಂಕಿಸಂಖ್ಯೆ_ಮೇಷ್ಟ್ರು
ಆ 130 ಹಾಳೆ ಎಸೆಯಬೇಡಿ. ಎಲ್ಲರೂ 5 ಹಾಕಿದ್ದು ಕೂಡ ಒಂದು ಮಾಹಿತಿಯೇ. ಯಾರ ಎದುರಿಗೆ, ಯಾಕೆ 5 ಅಂತ ಒಂದು ಅಧ್ಯಾಯ ಬರೆಯಬಹುದು.

ಕುಣಿಮಗ್ಗ_ಗುಳೇದಗುಡ್ಡ
ಫೆಟ್ಲಿಂಗ್‌ನವರನ್ನು ಕೇಳಿದಿರಾ ಇಲ್ಲವಾ?

ಮಚ್ಛೆ_ಬಸ್_ಸ್ಟಾಪ್
ಮಂಗಳವಾರ ಹೋಗುತ್ತಿದ್ದೇನೆ ಅಣ್ಣಾ, ಎರಡನೇ ಪಾಳಿಗೆ.

ಸಣ್ಣ_ಮಾಲಕ
ಗ್ರೈಂಡರ್ ನಿಂತಾಗ ಕೇಳಿ ತಂಗಿ, ಇಲ್ಲಾಂದ್ರೆ ರೆಕಾರ್ಡರಿನಲ್ಲಿ ಬರೀ ಗರ್ರ್ ಅನ್ನೋದೇ ಸಿಗುತ್ತದೆ. ಕಿವಿಗೆ ಹತ್ತಿ ಮರೀಬೇಡಿ.